ಯಾರ ಪೈಕಿ

ನವೆಂಬರ್ ಕೊನೆಗೆ ಗುಡ್ಡದ ಹಿಂದೆ ಇಳಿದ ಸೂರ್ಯ
ಜನವರಿ ಮುಗಿಯುವತನಕ ಈ ಊರೊಳಗೆ ಕಾಲಿಡುವುದಿಲ್ಲ.
ಬಂದ ಹೊಸದರಲ್ಲಿ ಯಾರೋ ಹೀಗೆಂದಾಗ
ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.

ಮೀನಿನ ಕಾರ್ಖಾನೆಯಲ್ಲಿ ಮೂರನೇ ಮೇಜು ನನ್ನದು.
ಅಡಿಯಿಂದ ದೀಪ ಉರಿಯುವ ಗಾಜಿನ ಮೇಲೆ
ಕಾಡ್ ಮೀನಿನ ಬಿಳಿ ತುಂಡು ಇಟ್ಟು
ಒಳಗೆ ಹುಳವಿದೆಯೇ ಎಂದು ನೋಡಬೇಕು.
ಎರಡು ತಿಂಗಳು ನಾನು ಕಂಡ ಬೆಳಕೆಲ್ಲ
ಮೀನಿನ ಮೈ ತೂರಿ ಬಂದದ್ದು.

ನನ್ನೂರಲ್ಲೂ ಮೀನೇ.
ಎಸ್ತಾನ್ಸಿಯಾದ ದಕ್ಕೆಯ ಹತ್ತಿರ ಬಿದಿರ ತಡಿಕೆಯ ಮೇಲೆ
ಅಪ್ಪ ಕ್ರಿಸ್ಪುಲೋ ಉಪ್ಪುಮೀನು ಹರವುತ್ತಿದ್ದ.
ನಾವು ಕೋಲು ಹಿಡಿದು ಬೆಕ್ಕು ಓಡಿಸುತ್ತಿದ್ದೆವು.
ಬಿಸಿಲು ಅಲ್ಲಿ ಕೂಲಿ ಕೇಳದ ಆಳು,
ಬೇಡವೆಂದರೂ ಬಂದು ದುಡಿಯುತ್ತಿತ್ತು.

ಮೊದಲ ವಾರ, ಊಟದ ಕೋಣೆಯಲ್ಲಿ
ಹಾಲ್ಬೇರಾ ಹೆಸರು ಕೇಳಿದಳು.
ಎರ್ಲಿಂದಾ, ಅಂದೆ.
ಕಾಫಿ ನೆತ್ತಿಗೇರುವಷ್ಟು ನಕ್ಕಳು.
'ನಮ್ಮ ಮಾತಿನಲ್ಲಿ ಎರ್ಲೆಂಡ್ ಅಂದರೆ ಪರದೇಶಿ.
ನಿಮ್ಮಪ್ಪನಿಗೆ ಮೊದಲೇ ಗೊತ್ತಿತ್ತೇನೇ?'

ಕೆಮ್ಮು ನಿಂತ ಮೇಲೆ ಇನ್ನೊಂದು ಕೇಳಿದಳು,
ಇಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವುದಂತೆ:
'ನೀನು ಯಾರ ಪೈಕಿ?'

ಅದಕ್ಕೆ ಇವರು ಮುತ್ತಜ್ಜನ ದೋಣಿಯ ಹೆಸರು ಹೇಳುತ್ತಾರೆ,
ಇಲ್ಲವೇ ಕೊಲ್ಲಿಯಾಚೆ
ಈಗ ಯಾರೂ ವಾಸವಿಲ್ಲದ ಒಂದು ಮನೆಯ ಹೆಸರು.
ಹೇಳಿದೊಡನೆ ಕೇಳಿದವರ ಹುಬ್ಬು ಸಡಿಲಾಗುತ್ತದೆ:
ಓ, ಹಾಗಾದರೆ ನೀನು ನನಗೆ ಹೀಗಾಗಬೇಕು.

ನಾನು ಕ್ರಿಸ್ಪುಲೋನ ಮಗಳು, ಅಂದೆ.
ಹುಬ್ಬು ಇದ್ದಲ್ಲೇ ಇತ್ತು.
'ಚೆನ್ನಾಗಿದೆ ಹೆಸರು,' ಅಂದು
ಎದ್ದು ಕೈಗವಸು ಹಾಕಿಕೊಂಡಳು.

ಒಮ್ಮೆ ಊರಿಂದ ಬಂದ ಒಣಮೀನು ಹುರಿಯುತ್ತಿದ್ದೆ,
ಕಿಟಕಿಯೆಲ್ಲ ಮುಚ್ಚಿ, ಕಳ್ಳಿಯ ಹಾಗೆ.
ಬಾಗಿಲು ಬಡಿದ ಸದ್ದು. ಕೆಳಮನೆಯ ತೋರ್ಗಿಲ್ಸ್.
ಕ್ಷಮಿಸಿ ಎಂಬ ಮಾತನ್ನು ಅವರ ಭಾಷೆಯಲ್ಲಿ ಜೋಡಿಸಿಕೊಂಡು ತೆರೆದರೆ
ಅವನ ಕೈಯಲ್ಲೂ ಒಣಮೀನು,
ಕಲ್ಲಿನಂಥದ್ದು, ಮೇಲೆ ಬೆರಳು ದಪ್ಪ ಬೆಣ್ಣೆ.
ಒಂದು ತಾಸು ಕೂತು ಅಗಿದೆವು.
ಮಾತಾಡಲು ಇಬ್ಬರ ಬಾಯಿಗೂ ಬಿಡುವಿರಲಿಲ್ಲ.

ಎರಡನೇ ಜನವರಿಯ ಇಪ್ಪತ್ತೈದು.
ಮೋಡವಿಲ್ಲ. ಮೇಲ್ವಿಚಾರಕ ಯಂತ್ರ ನಿಲ್ಲಿಸಿದ.
ಏಪ್ರನ್ನು ಬಿಚ್ಚದೆ ಎಲ್ಲರೂ ಬೀದಿಗೆ.
ಬಿಸಿಲ ಕಾಫಿ ಅನ್ನುತ್ತಾರೆ ಇದನ್ನು:
ಕಾಗದದಷ್ಟು ತೆಳ್ಳಗಿನ ಸಿಹಿರೊಟ್ಟಿ, ಒಳಗೆ ಜಾಮು, ಕೆನೆ,
ಎಲ್ಲರ ಮುಖವೂ ದಕ್ಷಿಣಕ್ಕೆ.

ಗುಡ್ಡದ ಕೊರಕಲಿನಿಂದ ಬಂದ.
ಅಂಚೆಕಚೇರಿಯ ಗೋಡೆಯ ಮೇಲೆ ನಾಲ್ಕು ನಿಮಿಷ,
ಸಾಲ ಕೇಳಲು ಬಂದ ನೆಂಟನಂತೆ
ಕೂರಲೋ ಹೋಗಲೋ ಎನ್ನುತ್ತ ನಿಂತ.

ರಾಜಧಾನಿಯಿಂದ ಬಂದಿದ್ದ ಹಾಲ್ಬೇರಾಳ ನಾದಿನಿ
ನನ್ನನ್ನು ಅಡಿಯಿಂದ ಮುಡಿಯತನಕ ನೋಡಿ
'ಇವಳು ಯಾರ ಪೈಕಿ?' ಅಂದಳು.

ನನ್ನ ಬಳಿ ಉತ್ತರವಿತ್ತು.
ಎರಡು ವರ್ಷ ರಾತ್ರಿ ಪಾಳಿಯಲ್ಲಿ ಉರುಹೊಡೆದದ್ದು:
ಅಪ್ಪ, ತಡಿಕೆ, ಬಿರುಗಾಳಿಗೆ ಹೋದ ನೀಲಿ ದೋಣಿ,
ಕ್ರಿಯಾಪದಗಳು ಸರಿಯಾದ ಜಾಗದಲ್ಲಿ.
ಬಾಯಿ ತೆರೆದೆ.

ಹಾಲ್ಬೇರಾ ರೊಟ್ಟಿ ನುಂಗದೆಯೇ ಅಂದಳು:
'ಮೂರನೇ ಮೇಜಿನವಳು. ನಮ್ಮವಳೇ.'

ನಾದಿನಿಯ ಹುಬ್ಬು ಸಡಿಲಾಯಿತು.
ಮಾತು ಕೆನೆಯ ಬೆಲೆಗೆ ಹೊರಳಿತು.

ಸಂತೋಷವಾಗಬೇಕಿತ್ತು ನನಗೆ.
ಆಯಿತು ಕೂಡ.
ಅಪ್ಪನ ಹೆಸರಿಗೆಂದು ತೆರೆದ ಬಾಯಿಗೆ ಮಾತ್ರ
ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತೋಚಲಿಲ್ಲ.
ಒಂದು ರೊಟ್ಟಿ ತಿಂದೆ.

ರಾತ್ರಿ ಮಗಳಿಗೆ ಫೋನು. ಅಲ್ಲಿ ಬೆಳಗಿನ ಆರು.
ಇವತ್ತು ಬಿಸಿಲು ಬಂತು ಜೋವೆಲಿನ್, ಅಂದೆ.
'ಇಲ್ಲಿ ದಿನಾ ಬರುತ್ತೆ,' ಅಂದಳು ಹಲ್ಲುಜ್ಜುತ್ತ.
ಅವಳ ಭುಜದಾಚೆ, ನಮ್ಮ ತಡಿಕೆಯ ಮೇಲೆ
ಹೆಂಗಸೊಬ್ಬಳು ಮೀನು ಹರವುತ್ತಿದ್ದಳು.
ಬೆನ್ನು ಕಂಡಿತು, ಗುರುತು ಸಿಗಲಿಲ್ಲ.

ಅದು ಯಾರೇ, ಯಾರ ಪೈಕಿ, ಎಂದೆ.

ಉಗುಳಿ ಬಂದು ಹೇಳಿದಳು:
'ಗೊತ್ತಿಲ್ಲಮ್ಮ. ಯಾರೋ ಹೊಸಬರು.'